ಬೀಗ ಬಿದ್ದ ಸಂಗ್ರಹಾಲಯದ ಚಿನ್ನಕ್ಕ

ಚಿನ್ನಕ್ಕನಿಗೆ ‘ತಾತ್ಕಾಲಿಕ’ ಎಂಬ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಚಳ್ಳಕೆರೆಯಲ್ಲಿ ಅವಳು ಶೇಂಗಾ ಹಸನು ಮಾಡುತ್ತಿದ್ದ ಎಣ್ಣೆ ಮಿಲ್ಲಿನ ಗೇಟಿಗೆ ಒಂದು ಬೆಳಿಗ್ಗೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಹಲಗೆ ಬಿದ್ದಿತ್ತು. ಆ ಗೇಟು ಮತ್ತೆ ತೆರೆಯಲೇ ಇಲ್ಲ. ಒಳಗೆ ಜಾಲಿ ಬೆಳೆಯಿತು, ಜೊತೆಗಿದ್ದ ಹೆಂಗಸರು ದಿಕ್ಕಿಗೊಬ್ಬರಾದರು.

ಆಮೇಲೆ ಊರಾಚೆಯ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಅವಳಿಗೆ ಕಾವಲಿನ ಕೆಲಸ ಸಿಕ್ಕಿತು. ಎರಡು ಹಜಾರ, ಗೋಡೆ ತುಂಬ ಚಿತ್ರ. ಕಸ ಗುಡಿಸುವುದು, ಕಿಟಕಿ ತೆರೆಯುವುದು, ಯಾರಾದರೂ ಚಿತ್ರಕ್ಕೆ ಕೈ ಒಯ್ದರೆ “ಮುಟ್ಬ್ಯಾಡ್ರಿ” ಅನ್ನುವುದು. ಬರುವವರೇ ಕಡಿಮೆ. ಊರಿನವರಿಗೆ ಆ ಕಟ್ಟಡ ಯಾವುದೋ ಆಫೀಸು ಅಷ್ಟೇ.

ಹೋದ ಮಳೆಗಾಲದಲ್ಲಿ ಅದರ ಚಾವಣಿ ಸೋರಿತು. ಗಾರೆ ಕಳಚಿ ಬಿತ್ತು. ಚಿತ್ರಗಳನ್ನು ಸುತ್ತಿ ಗ್ರಂಥಾಲಯದ ಕೋಣೆಗೆ ಸಾಗಿಸಿದರು. ಬಾಗಿಲಿಗೆ ಹಲಗೆ ಬಿತ್ತು. ಅದೇ ಮಾತು.

“ಮೇಡಂ, ನಾನು ಬೇರೆ ಕೆಲಸ ನೋಡ್ಕಳ್ಲಾ?” ಎಂದು ಚಿನ್ನಕ್ಕ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಶಿಲ್ಪಳನ್ನು ಕೇಳಿದಳು.

“ಬೇರೆ ಕೆಲಸ ಯಾಕ್ರೀ? ರಿಪೇರಿ ಮುಗಿಯೋವರೆಗೂ ಚಿತ್ರಗಳ ನಕಲು ತಗೊಂಡು ಜನ ಇದ್ದಲ್ಲಿಗೇ ಹೋಗೋಣ. ನೀವೂ ಬರಬೇಕು.”

ಮೊದಲು ಹೋದದ್ದು ಮೊಳಕಾಲ್ಮುರಿನ ನೇಕಾರರ ಬೀದಿಗೆ. ಒಂದು ಮನೆಯ ಜಗಲಿಯ ಮೇಲೆ ಚಿತ್ರಗಳನ್ನು ಸಾಲಾಗಿ ಒರಗಿಸಿದರು. ಒಳಗೆ ಮಗ್ಗಗಳ ಸದ್ದು ನಿಂತು ಒಬ್ಬೊಬ್ಬರೇ ಹೊರಬಂದರು. ಮಾರಲು ಬಂದವರೆಂದು ಕೆಲವರು, ಚಂದಾ ಎತ್ತಲು ಬಂದವರೆಂದು ಕೆಲವರು ದೂರವೇ ನಿಂತರು. ಬೊಮ್ಮಕ್ಕ ಎಂಬ ವಯಸ್ಸಾದ ನೇಕಾರ್ತಿ ಮಾತ್ರ ಹತ್ತಿರ ಬಂದು, ಕಣದಲ್ಲಿ ಹೆಂಗಸರು ಶೇಂಗಾ ಹೊಟ್ಟು ತೂರುತ್ತಿದ್ದ ಚಿತ್ರದ ಮೇಲೆ ಬೆರಳಿಟ್ಟಳು.

“ಮುಟ್ಬ್ಯಾಡ್ರಿ!” ಚಿನ್ನಕ್ಕನ ಬಾಯಿಂದ ಅಭ್ಯಾಸಬಲದಿಂದ ಹೊರಟೇಬಿಟ್ಟಿತು.

ಬೊಮ್ಮಕ್ಕ ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು. ಹಿಂದೆ ನಿಂತವರು ಒಬ್ಬೊಬ್ಬರಾಗಿ ಹೊರಡತೊಡಗಿದರು. ಚಿನ್ನಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಅವಳು ಓಡಿಹೋಗಿ ಬೊಮ್ಮಕ್ಕನ ಕೈ ಹಿಡಿದಳು.

“ತಪ್ಪಾತವ್ವ. ಇದು ನಕಲು, ಅಸಲಿ ಅಲ್ಲ. ಮುಟ್ಟು, ಎಷ್ಟು ಬೇಕಾದ್ರೂ ಮುಟ್ಟು.”

“ನಕಲಿಗೇ ಇಷ್ಟು ಜೋರಾ? ಅಸಲಿ ಹತ್ರ ಹೋದ್ರೆ ಹೊಡಿತೀಯೇನೋ ತಲ್ಲಿ!” ಎಂದು ಬೊಮ್ಮಕ್ಕ, ತನ್ನ ಮನೆಮಾತು ತೆಲುಗಿನಲ್ಲಿ ತಾಯಿ ಎಂದು ಕರೆದು, ನಕ್ಕಳು. ಹೊರಟವರು ನಿಂತರು. ಅವಳೇ ಕೇಳಿದಳು: “ಈಕೆ ಯಾಕೆ ಹಿಂಗೆ ಮುಖ ತಿರುವಿದಾಳೆ?”

“ಗಾಳಿಗೆ. ಹೊಟ್ಟು ಕಣ್ಣಿಗೆ ಬೀಳ್ತೈತಲ್ಲ” ಎಂದಳು ಚಿನ್ನಕ್ಕ.

“ಕಾದು, ಕಾದು! ಅದಲ್ವೇ ಅಲ್ಲ, ಗಂಡನ ಮೇಲೆ ಸಿಟ್ಟು. ತುಟಿ ನೋಡು.”

ಒಬ್ಬಳು ಗಾಳಿ ಅಂದಳು, ಇನ್ನೊಬ್ಬಳು ಗಂಡನೇ ಅಂದಳು, ಮೂರನೆಯವಳು ಹಲ್ಲುನೋವು ಅಂದಳು. ಬೀದಿಗೆ ಬೀದಿಯೇ ಜಗಲಿಗೆ ಮುತ್ತಿತು. ಶಿಲ್ಪ ಆ ಚಿತ್ರವನ್ನು ಅವರಲ್ಲೇ ಬಿಟ್ಟುಬಂದಳು. ಮುಂದಿನ ಸಲ ಹೋದಾಗ ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಿ, ಬೊಮ್ಮಕ್ಕನ ಮಗ್ಗದ ಎದುರಿನ ಗೋಡೆ ಸೇರಿತ್ತು.

ಹೀಗೇ ದೇವಸಮುದ್ರಕ್ಕೆ ಹೋದರು, ಚಳ್ಳಕೆರೆ ಮಾರುಕಟ್ಟೆಯ ಅಂಗಳಕ್ಕೂ ಹೋದರು. ನಿಮ್ಮ ಮನೆಯಲ್ಲಿ ನಿಮಗೆ ಚೆಂದ ಕಾಣುವ ಒಂದು ವಸ್ತು ಕೊಡಿ, ಸಂಗ್ರಹಾಲಯದ ಬಾಗಿಲು ತೆರೆದಾಗ ಅಲ್ಲೊಂದು ಗೋಡೆ ನಿಮ್ಮದೇ ಎಂದು ಶಿಲ್ಪ ಕೇಳಿದಳು. ಬೊಮ್ಮಕ್ಕ ಪೆಟ್ಟಿಗೆಯಿಂದ ತನ್ನ ತಾಯಿ ನೇಯ್ದ ರೇಷ್ಮೆ ಸೀರೆ ತೆಗೆದಳು. ಅದನ್ನು ಶಿಲ್ಪಳ ಕೈಗೆ ಕೊಡಲಿಲ್ಲ, ಚಿನ್ನಕ್ಕನ ಮಡಿಲಿಗೆ ಹಾಕಿದಳು.

“ನಿನ್ನ ನಂಬಿ ಕೊಡ್ತಾ ಇದೀನಿ. ಬಾಗಿಲು ತೆಗಿತೀರಿ ತಾನೆ?”

ಚಿನ್ನಕ್ಕ ಹೂಂ ಅಂದಳು, ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀರೆಯ ಗಂಟನ್ನು ಎದೆಗೆ ಅವಚಿಕೊಂಡೇ ಕುಳಿತಳು. ಚಳ್ಳಕೆರೆ ಬಂದ ಮೇಲೆ ತಡೆಯಲಾಗಲಿಲ್ಲ.

“ಮೇಡಂ, ನಿಜ ಹೇಳಿ. ನಮ್ಮ ಮಿಲ್ಲೂ ಹಿಂಗೇ ಮುಚ್ಚಿದ್ರು. ನಾನು ಆ ಮುದುಕಿಗೆ ಸುಳ್ಳು ಹೇಳಿದ್ನಾ?”

ಇಷ್ಟು ದಿನ ಈ ಭಯ ಹೊತ್ತು ತನ್ನ ಜೊತೆ ಊರೂರು ಸುತ್ತಿದವಳನ್ನು ಶಿಲ್ಪ ಒಂದು ಕ್ಷಣ ನೋಡಿದಳು. ಆಟೊ ಹತ್ತಿಸಿ, ಸೀದಾ ಸಂಗ್ರಹಾಲಯಕ್ಕೆ ಕರೆದೊಯ್ದು ಬಾಗಿಲು ತೆಗೆದಳು. ಒಳಗೆ ಹಸಿ ಸಿಮೆಂಟಿನ ವಾಸನೆ. ಕೆಲಸದವರು ಸಾರುವೆಯ ಮೇಲೆ ನಿಂತು ಹೊಸ ಚಾವಣಿಗೆ ಸುಣ್ಣ ಬಳಿಯುತ್ತಿದ್ದರು. ಕತ್ತೆತ್ತಿ ನೋಡಿದ ಚಿನ್ನಕ್ಕನ ಕೆನ್ನೆಯ ಮೇಲೆ ಸುಣ್ಣದ ಹನಿಯೊಂದು ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದ ಉಸಿರನ್ನು ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಬಾಗಿಲು ತೆರೆಯಿತು. ಮೊಳಕಾಲ್ಮುರಿನಿಂದ ಒಂದು ಬಸ್ಸಿನ ತುಂಬ ಜನ ಬಂದರು, ಮಾರುಕಟ್ಟೆಯ ಹಮಾಲರೂ ಬಂದರು. ಬೊಮ್ಮಕ್ಕ ಗಾಜಿನ ಹಿಂದಿದ್ದ ತಾಯಿಯ ಸೀರೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಎಲ್ಲರೂ ಹೊರಗೆ ಬೇವಿನ ನೆರಳಲ್ಲಿ ಕುಳಿತು ಚಿತ್ರಾನ್ನದ ಗಂಟು ಬಿಚ್ಚಿದರು.

“ಬಾ ತಲ್ಲಿ, ನೀನೂ ಕೂತ್ಕೋ” ಎಂದು ಬೊಮ್ಮಕ್ಕ ಸರಿದು ಜಾಗ ಮಾಡಿದಳು. ಬೆಳಗಿನಿಂದ ನಿಂತೇ ಇದ್ದ ಚಿನ್ನಕ್ಕ ಕಾಲು ಚಾಚಿ ಕುಳಿತು, ಹೊಟ್ಟೆ ತುಂಬ ಉಂಡಳು.