ದುರ್ಬೀನು ತೊಳೆಯಲು ಕಲಿಸಿದವರು

ಮಂಗಳವಾರ, ಬೆಳಗಿನ ಏಳು ಗಂಟೆ. ಬೀದರಿನ ನಮ್ಮ ಆಸ್ಪತ್ರೆಯ ತರಬೇತಿ ಕೋಣೆ. ಹಾಜರಿದ್ದವರು ಭಾಲ್ಕಿಯ ಒಬ್ಬ ಡಾಕ್ಟರು, ಔರಾದಿನ ಒಬ್ಬ ಡಾಕ್ಟರು, ಐಸಿಯುವಿನ ಹಿರಿಯ ನರ್ಸ್ ಆಗಿದ್ದ ನಾನು, ಕಲಿಸುವ ದೊಡ್ಡ ಡಾಕ್ಟರು. ದೊಡ್ಡ ಡಾಕ್ಟರ ಎಡಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಶ್ವಾಸನಾಳದೊಳಗೆ ಇಳಿಸುವ ದುರ್ಬೀನಿನ ಲಿವರ್ ಒತ್ತಿ ಒತ್ತಿ ಹಾಗಾಗಿತ್ತು. ಬರಿಗೈಲಿ ಮಾತಾಡುವಾಗಲೂ ಆ ಬೆರಳು ಮೇಲೆ ಕೆಳಗೆ ಆಡುತ್ತಿತ್ತು.

ಅಭ್ಯಾಸಕ್ಕೆ ಕುರಿಯ ಶ್ವಾಸಕೋಶ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ದೊಡ್ಡ ಡಾಕ್ಟರು ಕಸಾಯಿ ಅಂಗಡಿಯಿಂದ ತಾವೇ ತರುತ್ತಿದ್ದರು. "ಅಂಗಡ್ಯಾಂವ ಕೇಳ್ತಾನ, ಸಾಬ್, ಮನ್ಯಾಗ ಎಷ್ಟು ಬೆಕ್ಕು ಸಾಕೀರಿ ಅಂತ."

ಕಂಡದ್ದನ್ನು ಬಾಯಿಬಿಟ್ಟು ಹೇಳದೆ ಯಾರೂ ದುರ್ಬೀನನ್ನು ಮುಂದೆ ತಳ್ಳುವಂತಿರಲಿಲ್ಲ. ಔರಾದಿನವರಿಗೆ ಅವಸರ; ಹೇಳದೆಯೇ ತಳ್ಳಿದರು.

"ಬಾಯಿ ಯಾಕ ಮುಚ್ಚೀರಿ? ಏನು ಕಾಣ್ತದ?"

"ಎಲ್ಲಾ ಕೆಂಪು ಕಾಣ್ತದ್ರಿ ಸರ್."

"ಅಂದ್ರ ಗ್ವಾಡಿಗಿ ಮೂಗು ಹಚ್ಚೀರಿ. ಹಿಂದ ಬರ್ರಿ."

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಆಸ್ಪತ್ರೆಗೂ ಟ್ಯಾಂಕರ್ ನೀರೇ ಗತಿ. ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಹಲಬರ್ಗಾದ ಒಬ್ಬಾತ ನ್ಯುಮೋನಿಯಾ ಹೊತ್ತು ಮರಳಿ, ನಮ್ಮ ವೆಂಟಿಲೇಟರಿನ ಮೇಲಿದ್ದ. ಅಂದು ಹನ್ನೊಂದಕ್ಕೆ ಅವನ ಆಕ್ಸಿಜನ್ ಇಳಿಯಿತು. ಕಫ ಗಟ್ಟಿಯಾಗಿ ಬಲ ಶ್ವಾಸಕೋಶದ ದಾರಿ ಮುಚ್ಚಿತ್ತು. ದುರ್ಬೀನು ಇಳಿಸಿ ಅದನ್ನು ಎಳೆಯಲೇಬೇಕು.

ರೋಗಿಗಳಿಗೆಂದು ಇದ್ದದ್ದು ಒಂದೇ ದುರ್ಬೀನು. ನಾನು ಕೊಟ್ಟೆ. ದೊಡ್ಡ ಡಾಕ್ಟರು ಎಂದಿನಂತೆ ಅದರ ನಳಿಕೆಯಲ್ಲಿ ನೀರು ಹಾಯಿಸಿ ಬಿಳಿ ಗಾಜ್ ಬಟ್ಟೆಯ ಮೇಲೆ ಬಿಟ್ಟರು. ಹಿಂದಿನ ರೋಗಿಯ ಕಫದ ಕಂದು ಎಳೆಯೊಂದು ಹೊರಬಿತ್ತು.

"ಯಾರು ತೊಳದೀರಿ?"

"ನಾನೇರಿ ಸರ್. ಟ್ಯಾಂಕರ್ ಬಂದಿಲ್ಲಂತ ಅರ್ಧಾ ನೀರಿನ್ಯಾಗ ಮುಗಿಸೇನಿ."

ಕ್ರಮ ತಪ್ಪದವಳೆಂದು ಹೆಸರಾದವಳು ನಾನು! ಅವರು ದನಿ ಏರಿಸಲಿಲ್ಲ.

"ನೀರು ಉಳಸೋದು ಮನ್ಯಾಗ್ರಿ, ಸಿಸ್ಟರ್. ಇಲ್ಲಿ ಉಳಿಸಿದ್ರ ಒಬ್ಬರ ಹೊಲಸು ಇನ್ನೊಬ್ಬರ ಎದಿಗಿ ಹೋಗ್ತದ. ಕುಡಿಯೋ ನೀರಿನ ಕ್ಯಾನ್ ತರ್ರಿ. ಇವತ್ತು ಯಾರಿಗೂ ಚಹಾ ಇಲ್ಲ."

ನಾನು ನಳಿಕೆಗೆ ಬ್ರಶ್ ಹಾಕಿ ತೊಳೆದೆ, ಔಷಧಿ ದ್ರಾವಣದಲ್ಲಿ ಮುಳುಗಿಸಿದೆ. ಇಪ್ಪತ್ತು ನಿಮಿಷ ಇಡಬೇಕು. ಅತ್ತ ಅವರು ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಆಕ್ಸಿಜನ್ ಪೂರ್ತಿ ಏರಿಸಿ, ಔರಾದಿನವರಿಂದ ಬೆನ್ನು ತಟ್ಟಿಸುತ್ತಿದ್ದರು. ಆದರೂ ಮಾನಿಟರಿನ ಮೇಲೆ ಅವನ ಆಕ್ಸಿಜನ್ ಅಂಕಿ ಇಳಿಯುತ್ತಲೇ ಇತ್ತು. ನಾನು ಗಡಿಯಾರ ನೋಡುತ್ತಿದ್ದೆ.

ರೋಗಿಯ ಹೆಂಡತಿ ಬಾಗಿಲಿಗೆ ಬಂದಳು. "ಸಾಬ್, ಇನ್ನಾ ಯಾಕ ದುರ್ಬೀನ್ ಹಾಕಿಲ್ರಿ?"

"ತೊಳಿಯೋದು ಸರಿಯಾಗಿಲ್ಲವ್ವಾ. ತಪ್ಪು ನಮ್ದು. ಸ್ವಲ್ಪು ತಡಿ," ಎಂದರು ದೊಡ್ಡ ಡಾಕ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತು ನಿಮಿಷ ತುಂಬಿದ ಮೇಲೆ ಮತ್ತೆ ತೊಳೆದು ಕೊಟ್ಟೆ. ಔರಾದಿನವರೇ ಇಳಿಸಿದರು, ಪ್ರತಿ ಕವಲನ್ನೂ ಗಟ್ಟಿಯಾಗಿ ಹೇಳುತ್ತ. ಬೆರಳುದ್ದದ ಕಫದ ಗಡ್ಡೆ ಹೊರಬಂತು. ಅಂಕಿ ಮೆಲ್ಲಗೆ ಏರತೊಡಗಿತು.

ದೊಡ್ಡ ಡಾಕ್ಟರು ತೀರಿಕೊಂಡದ್ದು ನಾನು ನಿವೃತ್ತಳಾದ ಮೇಲೆ. ಮಣ್ಣಿಗೆ ಹೋಗಿಬಂದೆ. ತಪ್ಪು ಮಾಡಿದವರನ್ನು ನಾಲ್ಕು ಜನರೆದುರು ನಿಲ್ಲಿಸಬಾರದೆಂದು ನಾನು ಕಲಿತದ್ದು ಅವರಿಂದ. ನನ್ನ ಕೈಕೆಳಗೆ ಬಂದ ಹುಡುಗಿಯರೆಲ್ಲ ಅದರ ಫಲ ಉಂಡರು.

ಆ ಮಂಗಳವಾರ ಪಾಳಿ ಮುಗಿದಾಗ ಒಂದು ಕೆಲಸ ಉಳಿದಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆ ಹೆಂಗಸಿನ ಬಳಿ ಹೋದೆ.

"ಸಾಬ್‌ರದು ತಪ್ಪಿಲ್ಲವ್ವಾ. ತೊಳದಾಕಿ ನಾನು."

ಅವಳು ಬೆಂಚಿನ ಮೇಲೆ ಸರಿದು ನನಗೆ ಜಾಗ ಕೊಟ್ಟಳು.

"ನಾಳಿ ಛಲೋ ತೊಳೀರಿ, ಅಕ್ಕಾ."

"ತೊಳೀತೇನಿ," ಎಂದೆ. ಸಂಜೆ ಆರು ಗಂಟೆಯಾಗಿತ್ತು.