ಉಣ್ಣುವವರ ಬಾಯಿ ನೋಡುವ ಕೆಲಸ

ಡ್ರಿಪ್ಪಿನ ಬಾಟಲಿ ಖಾಲಿಯಾದದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದಿತ್ತು. ಸೂಜಿ ಚುಚ್ಚಿದ ಕೈ ಬಾತುಕೊಳ್ಳಬಹುದಿತ್ತು. ಪಕ್ಕದ ಹಾಸಿಗೆಯಿಂದ ಹೊಸತೊಂದು ಜ್ವರ ಹತ್ತಬಹುದಿತ್ತು. ಡಾಕ್ಟರು ಬರುವ ಹೊತ್ತಿಗೆ ಸರಿಯಾಗಿ ನಾನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ನಾಲ್ಕು ವರ್ಷದ ಮಗಳು ತನ್ವಿಯನ್ನು ನ್ಯುಮೋನಿಯಾ ಎಂದು ಕೊಡಿಯಾಲ್‌ಬೈಲಿನ ಆಸ್ಪತ್ರೆಗೆ ಸೇರಿಸಿದ ದಿನವೇ ಇವಿಷ್ಟನ್ನೂ ನಾನು ಮನಸ್ಸಿನಲ್ಲಿ ಅನುಭವಿಸಿ ಮುಗಿಸಿದ್ದೆ. ನಲವತ್ತು ದಾಟಿದ ಮೇಲೆ ತಂದೆಯಾದವನಿಗೆ ಕಳವಳ ಪಡಲು ತಯಾರಿ ಚೆನ್ನಾಗಿಯೇ ಆಗಿರುತ್ತದೆ. ಕೊನೆಯ ಭಯವೊಂದಿತ್ತು: ಅವಳು ಊಟವನ್ನೇ ಬಿಟ್ಟುಬಿಡಬಹುದಿತ್ತು. ಅದು ನಿಜಕ್ಕೂ ಆಗುವುದರಲ್ಲಿತ್ತು.

ಮನೆಯಲ್ಲೂ ಅವಳ ಊಟ ಸುಲಭದ್ದಲ್ಲ. ನೀರುದೋಸೆಯ ಅಂಚು ಗರಿಯಾಗಬಾರದು, ಅನ್ನಕ್ಕೆ ಸಾರು ತಾಗಬಾರದು. ಆಸ್ಪತ್ರೆಯಲ್ಲಿ ಅದೂ ನಿಂತಿತು. ಬೆಳಿಗ್ಗೆ ಬಂದ ಡಾಕ್ಟರು, "ಜ್ವರ ಇಳಿದಿದೆ. ಆದರೆ ಹೊಟ್ಟೆಗೆ ಏನೂ ಹೋಗ್ತಾ ಇಲ್ಲ. ಸಂಜೆಯವರೆಗೂ ಹೀಗೇ ಇದ್ದರೆ ಮೂಗಿನಿಂದ ಟ್ಯೂಬ್ ಹಾಕಿ ಕೊಡುವ" ಎಂದು ಹೇಳಿ ಹೋದರು.

ಅಲ್ಲಿಂದ ನಾನು ಚಮಚ ಹಿಡಿದು ಅವಳೆದುರು ಕೂತವನು ಏಳಲಿಲ್ಲ. ರಾಗಿಮಣ್ಣಿ, ಬೇಯಿಸಿದ ಮೊಟ್ಟೆ, ಗಂಜಿಯ ತಿಳಿ. ಪ್ರೋಟೀನಿನ ಬಗ್ಗೆ ಮೊಬೈಲಿನಲ್ಲಿ ಓದಿದ್ದೆಲ್ಲವನ್ನೂ ಅವಳಿಗೆ ಕಥೆ ಮಾಡಿ ಹೇಳಿದೆ. "ಅಪ್ಪಾ, ನಿಂಗೆ ಬೇಕಾದ್ರೆ ನೀನೇ ತಿನ್ನು" ಎಂದಳು. ತಿಂದೆ. ಆ ವಾರ್ಡಿನಲ್ಲಿ ನನ್ನಷ್ಟು ಪೌಷ್ಟಿಕ ಆಹಾರ ಯಾರ ಹೊಟ್ಟೆಗೂ ಹೋಗಿರಲಿಕ್ಕಿಲ್ಲ.

ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ ಕೆವಿನ್. ಅವನ ಅಜ್ಜಿ ಲೀನಾ ಬಾಯಮ್ಮ ದುಬಾಯಿಯ ಮಗಳೊಂದಿಗೆ ಫೋನಿನಲ್ಲಿ ಕೊಂಕಣಿ ಮಾತಾಡುತ್ತಾ, ಕಿಟಕಿಯ ಹೊರಗೆ ನೋಡುತ್ತಾ ಗಂಜಿ ತಿನ್ನಿಸುತ್ತಿದ್ದರು. ಚಮಚ ತಾನಾಗಿ ಬಾಯಿ ಹುಡುಕಿಕೊಂಡು ಹೋಗುತ್ತಿತ್ತು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಬೇರೆ ಕೆಲಸ ಎಂತ ಇಲ್ವಾ ಮಾರಾಯ್ರೆ? ನಿಮ್ಮ ಮೋರೆ ನೋಡಿದರೆ ನನಗೇ ಗಂಜಿ ಇಳಿಯುವುದಿಲ್ಲ. ಸ್ವಲ್ಪ ಹೊರಗೆ ಹೋಗಿ ಬನ್ನಿ."

"ನಾನು ನಿನ್ನೆಯಿಂದ ಹೇಳ್ತಾ ಇದ್ದೇನೆ ಬಾಯಮ್ಮ" ಎಂದಳು ನನ್ನ ಹೆಂಡತಿ ಸುಜಾತ.

ಯೋಚಿಸಿದರೆ ಅವರ ಮಾತಿನಲ್ಲಿ ಅರ್ಥವುಂಟು. ಮದುವೆಯೂಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನು ಬಡಿಸಿ ಮುಂದೆ ಹೋಗುತ್ತಾನೆ. ಅವನು ಅಲ್ಲೇ ನಿಂತು, ನೀವು ಅಗಿಯುತ್ತೀರೋ, ನುಂಗುತ್ತೀರೋ, ಅದು ರಕ್ತವಾಗುತ್ತದೋ ಎಂದು ಬಗ್ಗಿ ನೋಡಿದರೆ ಎಂಥ ಪಾಯಸವೂ ಗಂಟಲಲ್ಲಿ ನಿಲ್ಲುತ್ತದೆ. ಉಣ್ಣುವವರ ಬಾಯಿ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಹಿರಿಯರು ಗದರುತ್ತಿದ್ದರು. ಅದನ್ನು ಮೂಢನಂಬಿಕೆ ಎಂದು ವಾದಿಸಿ ಗೆದ್ದವರಲ್ಲಿ ನಾನೂ ಒಬ್ಬ.

ಆದರೂ ಸುಮ್ಮನೆ ಹೊರಗೆ ಹೋಗುವುದು ನನ್ನಂಥವನಿಗೆ ಸಾಧ್ಯವಿಲ್ಲ, ಒಂದು ನೆಪ ಬೇಕು. ತೊಕ್ಕೊಟ್ಟಿನ ಹೋಟೆಲೊಂದರಲ್ಲಿ ತನ್ವಿ ಹಿಂದೊಮ್ಮೆ ಬಾಳೆಹಣ್ಣು ಹಾಕಿ ಕರಿದ ಇಡೀ ಬನ್ಸ್ ತಿಂದದ್ದು ನೆನಪಾಯಿತು. ಕಾರು ಹತ್ತಿದೆ. ನೇತ್ರಾವತಿ ಸೇತುವೆಯ ಮೇಲೆ ವಾಹನಗಳ ಸಾಲು ಅಲ್ಲಾಡದೆ ನಿಂತಿತ್ತು. ಹೊಳೆ ಚೆಂದ ಇದ್ದಿರಬೇಕು. ನಾನು ನೋಡಿದ್ದು ಗಡಿಯಾರವನ್ನು. ಆಗ ಸುಜಾತ ಫೋನ್ ಮಾಡಿದಳು.

"ಉಂಡಳು."

"ಯಾರು?"

"ಪಕ್ಕದ ಮನೆಯ ಬೆಕ್ಕು. ನಿಮ್ಮ ಮಗಳು, ಮತ್ತೆ ಯಾರು?"

"ಎಂತ ಉಂಡಳು? ಎಷ್ಟು? ವಾಂತಿ ಆಯ್ತಾ?"

"ಇಲ್ಲ. ಅದಕ್ಕೆ ನೀವು ಬರಬೇಕಷ್ಟೆ."

ಸೇತುವೆಯ ಮೇಲೆ ಕಾರು ತಿರುಗಿಸುವ ಹಾಗಿಲ್ಲ. ಆಚೆ ದಡಕ್ಕೆ ಹೋಗಿ, ಬನ್ಸ್ ಮರೆತು ತಿರುಗಿ, ಮತ್ತೆ ಅದೇ ಸಾಲಿನಲ್ಲಿ ನಿಂತು ವಾರ್ಡಿಗೆ ಬಂದಾಗ ಸಂಜೆಯಾಗಿತ್ತು. ನಡೆದದ್ದು ಇಷ್ಟು. ತನ್ವಿ ಕೆವಿನನ ಹಾಸಿಗೆ ಹತ್ತಿ ಕೂತಿದ್ದಳು. ಬಾಯಮ್ಮ ಫೋನಿನಲ್ಲಿ ಮಗಳ ಮನೆ ಮಾಲೀಕನನ್ನು ಬೈಯುತ್ತಿದ್ದರು. ಚಮಚ ಎರಡು ಬಾಯಿಗಳಿಗೆ ಸರದಿಯ ಮೇಲೆ ಹೋಯಿತು. ಬಟ್ಟಲು ಖಾಲಿಯಾದ ಮೇಲೆಯೇ ಅವರಿಗೆ ಗೊತ್ತಾದದ್ದಂತೆ. ಅದೇ ಕುಚ್ಚಲಕ್ಕಿ ಗಂಜಿ. ಡಾಕ್ಟರು ಬಂದರು, ಕೇಳಿದರು, ಟ್ಯೂಬ್ ಬೇಡ ಎಂದರು.

ಇಷ್ಟಕ್ಕೆ ಸುಮ್ಮನಿರಬೇಕಿತ್ತು. "ಅಪ್ಪ ನೋಡಲಿಲ್ಲ ಮಗಾ, ಒಂದೇ ಒಂದು ಚಮಚ" ಎಂದು ಎದುರು ಕೂತೆ. ಅವಳು ನನ್ನನ್ನೇ ನೋಡಿದಳು. ನನ್ನ ಬಾಯಿ ಆಗಲೇ ತೆರೆದುಕೊಂಡಿತ್ತು. ಅವಳದ್ದು ಗಟ್ಟಿಯಾಗಿ ಮುಚ್ಚಿತು.

ಏನೇನೋ ಆಗಬಹುದಿತ್ತು, ಆಗಲಿಲ್ಲ. ಆದದ್ದು ಇದೊಂದೇ: ಮಗಳು ಉಂಡಾಗ ನಾನು ಅಲ್ಲಿರಲಿಲ್ಲ. ರಾತ್ರಿಯ ಗಂಜಿ ಬರುವಾಗ ಯಾರೂ ಹೇಳದೆ ನಾನೇ ಎದ್ದು ಕಾರಿಡಾರಿಗೆ ಹೋಗಿ ನಿಂತೆ.