ಇಡ್ಲಿ ತಟ್ಟೆಗೆ ಕರೆಂಟು

ಗುಜರಾತಿನಲ್ಲಿ ಭೂಕಂಪವಾಗಿ ಎರಡು ಮೂರು ವರ್ಷ ಕಳೆದಿತ್ತು. ನಾನು ನರೋಡಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಕೊಳೆನೀರಿನಲ್ಲಿ ಕಬ್ಬಿಣದ ಹಾಳೆಗಳನ್ನು ಇಳಿಬಿಟ್ಟು, ಕರೆಂಟು ಹಾಯಿಸಿ ಬಣ್ಣ ತೆಗೆಯುವುದು ನನ್ನ ಕೆಲಸ. ಊಟ ಮಾತ್ರ ನವರಂಗಪುರದ ಉಡುಪಿ ಹೋಟೆಲಿನಲ್ಲಿ.

ಆ ಹೋಟೆಲಿನ ಪಾತ್ರೆ ತೊಳೆದ ಎಣ್ಣೆನೀರು ಚರಂಡಿಯಲ್ಲಿ ಗಟ್ಟಿಯಾಗಿ, ಪಕ್ಕದ ಮನೆಯವರ ಬಚ್ಚಲಲ್ಲಿ ಸಾಂಬಾರಿನ ವಾಸನೆಯೊಂದಿಗೆ ಮೇಲೇಳುತ್ತಿತ್ತು. ದೀಪಾವಳಿಯೊಳಗೆ ಸರಿಮಾಡಿ, ಇಲ್ಲವೇ ಅಂಗಡಿ ಖಾಲಿ ಮಾಡಿ ಎಂದು ಆ ವಸತಿ ಸೊಸೈಟಿಯ ಸೆಕ್ರೆಟರಿ ಹೇಳಿ ಹೋದರು. ಯಜಮಾನರು ಬಂದು ನನ್ನೆದುರು ಕೂತರು. ಹೋಟೆಲ್ ಯಜಮಾನರು ಗಿರಾಕಿಯ ಎದುರು ಕೂರುವುದು ಒಳ್ಳೆಯ ಲಕ್ಷಣವಲ್ಲ.

"ನಿಮ್ಮ ಕರೆಂಟು ನಮ್ಮ ನೀರಿಗೆ ಆಗ್ತದಾ?"

ಆಗುತ್ತದೆ, ಅಲ್ಯೂಮಿನಿಯಂ ಬೇಕು ಎಂದೆ. ಅಟ್ಟದಿಂದ ಹಳೆಯ ಇಡ್ಲಿ ತಟ್ಟೆಗಳನ್ನು ಇಳಿಸಿದರು. ಹೋಟೆಲು ಶುರು ಮಾಡುವಾಗ ಅವರ ಅಮ್ಮ ಮಗನ ಹೆಸರು ಕೊರೆಸಿ, ಗೋಣಿಯಲ್ಲಿ ಕಟ್ಟಿ, ರೈಲಿಗೆ ಹಾಕಿಕೊಟ್ಟ ತಟ್ಟೆಗಳು ಅವು.

"ಇವು ಕರಗಿ ಹೋಗ್ತವೆ ಯಜಮಾನ್ರೇ. ಕರಗಿದ್ರೇನೇ ನೀರು ಎಣ್ಣೆ ಬಿಡೋದು."

"ಅಂಗಡಿ ಉಳಿದ್ರೆ ಸಾಕು ಮಾರಾಯ್ರೆ."

ಹೋಟೆಲಿನ ಹಿಂಬದಿ ಡ್ರಮ್ಮಿಟ್ಟು, ನೀರಿಗೆ ಉಪ್ಪು ಹಾಕಿ, ತಟ್ಟೆಗಳನ್ನು ತೂಗುಬಿಟ್ಟು ಬ್ಯಾಟರಿ ಚಾರ್ಜರ್‌ಗೆ ಜೋಡಿಸಿದೆ. ಮೊದಲ ದಿನ ಗುಳ್ಳೆಗಳೆದ್ದು ಜಿಡ್ಡೆಲ್ಲ ಮೇಲೆ ತೇಲಿತು. ಮರುದಿನದಿಂದ ಏನೂ ಇಲ್ಲ. ಉಪ್ಪು ಹೆಚ್ಚಿಸಿದೆ, ವೈರು ಬದಲಿಸಿದೆ, ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಶಂಕಿಸಿದೆ. ದೀಪಾವಳಿ ಹತ್ತಿರವಾಯಿತು. ಯಜಮಾನರು ನನಗೆ ಎರಡನೇ ಸಲ ಸಾಂಬಾರು ಹಾಕಿಸುವುದನ್ನು ನಿಲ್ಲಿಸಿದರು.

ಒಂದು ಭಾನುವಾರ ಬೆಳಿಗ್ಗೆ ಬೇಗ ಹೋದೆ. ಕುಂದಾಪುರದ ಕಡೆಯ ಅಡುಗೆಯವರು ಡ್ರಮ್ಮಿನ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಒಂದೊಂದು ಗುಳಿಗೂ ಬೆರಳಿನಿಂದ ಎಣ್ಣೆ ಸವರುತ್ತಿದ್ದರು. ಆಮೇಲೆ ಅವನ್ನು ಬಹಳ ಜೋಪಾನವಾಗಿ ಕೊಳೆನೀರಿಗೆ ಇಳಿಸಿದರು.

"ಎಣ್ಣೆ ಯಾಕೆ?" ಎಂದೆ. ಎಣ್ಣೆ ಮೆತ್ತಿದ ತಟ್ಟೆಯಿಂದ ಕರೆಂಟು ಎಲ್ಲಿ ಹರಿದೀತು?

"ಎಣ್ಣೆ ಹಚ್ಚದೆ ಇಡ್ಲಿ ತಟ್ಟೆ ಇಡ್ಲಿಕ್ಕಾಗ್ತದಾ?" ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು.

ದಿನಾ ಎಣ್ಣೆ ಸವರುವುದು ನಿಂತಿತು, ಗುಳ್ಳೆ ಬಂತು, ನೀರು ತಿಳಿಯಾಯಿತು. ಸೆಕ್ರೆಟರಿ ಬಂದು, ಆ ತಿಳಿನೀರಿನಲ್ಲೇ ನೆಲ ತೊಳೆಯುವುದನ್ನು ನೋಡಿ, "ಚಲೇಗಾ" ಎಂದು ಒಪ್ಪಿ, ಒಂದು ಮಸಾಲೆ ದೋಸೆ ತಿಂದು ಹೋದರು. ಅಂಗಡಿ ಉಳಿಯಿತು.

ಮಳೆಗಾಲದ ಹೊತ್ತಿಗೆ ತಟ್ಟೆಗಳು ಜಾಲರಿಯಾಗಿದ್ದವು. ಯಜಮಾನರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅಮ್ಮ ಕೊರೆಸಿದ್ದ ಹೆಸರು ಇರಲಿಲ್ಲ. ಮೊದಲೇ ಹೇಳಿದ್ದೆನಾದರೂ ನನಗೆ ಸಂಕಟವಾಯಿತು.

ಅವರು ಅದನ್ನು ಪಂಚೆಯಲ್ಲಿ ಒರೆಸಿ ಗಲ್ಲಾದ ಮೇಲಿನ ದೇವರ ಪಟದ ಪಕ್ಕ ನಿಲ್ಲಿಸಿದರು. ಅಟ್ಟ ಹತ್ತಿ, ಉಳಿದಿದ್ದ ಕೊನೆಯ ಜೊತೆಯನ್ನು ತಂದರು. ಅದರ ಅಂಚಿನ ಹೆಸರಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, ಅಡುಗೆಯವರ ಕೈಗೆ ಕೊಟ್ಟರು.

"ಎಣ್ಣೆ ಹಚ್ಚಬೇಡಿ," ಎಂದರು.